ಅಜ್ಜನ ಶೆಲ್ಲು, ಬೀದರಿನ ಕಪ್ಪು

ನಮ್ಮ ಕಡೆ ಟಾರ್ಚಿಗೆ ಬ್ಯಾಟರಿ ಎನ್ನುತ್ತಾರೆ, ಅದರೊಳಗೆ ಹಾಕುವುದಕ್ಕೆ ಶೆಲ್ಲು ಎನ್ನುತ್ತಾರೆ. ಅಜ್ಜನದು ಮೂರು ಶೆಲ್ಲಿನ ಉದ್ದನೆಯ ಬ್ಯಾಟರಿ. ಕಂಬಳಿ, ಕೋಲು, ಬುತ್ತಿ ಗಂಟಿನ ಜೊತೆ ಅದೂ ಒಂದು. ಕುರಿ ಹೊಡೆದುಕೊಂಡು ಅವನು ವರವು ಕಾವಲಿಗೆ ಹೋದರೆ ಎಷ್ಟೋ ಸಲ ರಾತ್ರಿ ಅಲ್ಲೇ ತಂಗುತ್ತಿದ್ದ. ತೋಳದ ಕಣ್ಣು ಮಿನುಗುವುದು ಗೊತ್ತಾಗಬೇಕಾದರೆ ಬೆಳಕು ಬೇಕಿತ್ತು. ಆದರೂ ಬ್ಯಾಟರಿಯನ್ನು ಅವನು ಉರಿಸಿದ್ದಕ್ಕಿಂತ ಉಳಿಸಿದ್ದೇ ಹೆಚ್ಚು. ಶೆಲ್ಲು ಸೋತಾಗ ಬಿಸಿಲಿಗಿಟ್ಟು ಮತ್ತೆ ಹಾಕುತ್ತಿದ್ದ, ಇನ್ನೂ ನಾಲ್ಕು ದಿನ ಮಿಣಿಮಿಣಿ ಅನ್ನುತ್ತಿತ್ತು. ಕೊನೆಗೊಂದು ದಿನ ಶೆಲ್ಲು 'ನೀರು ಬಿಡುತ್ತಿತ್ತು'. ತಳದಲ್ಲಿ ತೂತು, ತೂತಿನ ಸುತ್ತ ಅಂಟಂಟಾದ ನೀರು, ಒಣಗಿದ ಮೇಲೆ ಅದೇ ಜಾಗದಲ್ಲಿ ಬಿಳೀ ಪುಡಿ.

"ಮುಟ್ಟಬ್ಯಾಡ ಕಣವ್ವ, ಕೈ ತಿಂತೈತೆ" ಅನ್ನುತ್ತಿದ್ದ ಅಜ್ಜ. ಆ ನೀರು ಅವನ ಬ್ಯಾಟರಿಯ ತಗಡನ್ನು ಒಳಗಿನಿಂದ ತಿಂದು ಹಾಕಿದ್ದನ್ನು ನಾನೇ ನೋಡಿದ್ದೆ.

ಈ ಬರಹ ಆ ನೀರಿನ ಬಗ್ಗೆ. ನನ್ನ ಸಂಶೋಧನೆಯ ವಿಷಯ ಕರ್ನಾಟಕದ ಲೋಹ ಕಸುಬುಗಳ ಇತಿಹಾಸ. ಬೀದರಿನ ಒಂದು ಕಾರ್ಖಾನೆಯ ಮೂಲೆಯಲ್ಲಿ ಕೂತು ಟಿಪ್ಪಣಿ ಬರೆದುಕೊಳ್ಳುತ್ತಿದ್ದಾಗ ಮೂಗಿಗೆ ಬಡಿದ ವಾಸನೆ ನೇರವಾಗಿ ನನ್ನನ್ನು ಅಜ್ಜನ ಬ್ಯಾಟರಿಯ ಹತ್ತಿರ ತಂದು ನಿಲ್ಲಿಸಿತು. ಅಲ್ಲಿಂದ ಇದು ಶುರುವಾಯಿತು.

ಮೊದಲು ಕಾವಲಿನ ಬಗ್ಗೆ ಎರಡು ಮಾತು. ಚಳ್ಳಕೆರೆ, ಮೊಳಕಾಲ್ಮೂರು ಸೀಮೆಯ ಕಾವಲುಗಳು ಬೀಳುಭೂಮಿಯಲ್ಲ. ಮೈಸೂರಿನ ಚಿಕ್ಕದೇವರಾಜ ಒಡೆಯರ ಕಾಲದ 'ಬೆಣ್ಣೆ ಚಾವಡಿ'ಯನ್ನು ಟಿಪ್ಪು 'ಅಮೃತ್ ಮಹಲ್' ಎಂದು ಕರೆದ. ಅದರ ರಾಸುಗಳು ಫಿರಂಗಿ ಎಳೆದವು, ಸೈನ್ಯದ ಸಾಮಾನು ಹೊತ್ತವು. ಆ ರಾಸುಗಳಿಗೆಂದು ಬೇಸಿಗೆಗೊಂದು, ಮಳೆಗಾಲಕ್ಕೊಂದು, ಚಳಿಗಾಲಕ್ಕೊಂದು ಎಂದು ಲೆಕ್ಕ ಹಾಕಿ ಕಾಯ್ದಿಟ್ಟ ಹುಲ್ಲುಗಾವಲುಗಳೇ ಕಾವಲುಗಳು. ಅಮೃತ್ ಮಹಲ್ ಸೊರಗಿದ ಮೇಲೆ ಸುತ್ತಲಿನ ಹಟ್ಟಿಗಳ ದನ, ಕುರಿ ಅಲ್ಲಿ ಮೇಯುತ್ತಿದ್ದವು. 2010ರ ಆಸುಪಾಸಿನಲ್ಲಿ ವರವು ಕಾವಲ್, ಖುದಾಪುರ, ಉಳ್ಳಾರ್ತಿ ಕಾವಲುಗಳ ಸಾವಿರಾರು ಎಕರೆ ವಿಜ್ಞಾನ ಮತ್ತು ರಕ್ಷಣಾ ಸಂಸ್ಥೆಗಳಿಗೆ ಹಂಚಿಕೆಯಾಯಿತು. ಖುದಾಪುರದ 1500 ಎಕರೆ ಭಾರತೀಯ ವಿಜ್ಞಾನ ಸಂಸ್ಥೆಗೆ ಸಿಕ್ಕಿತು. ಡಿಆರ್‌ಡಿಒದ ವೈಮಾನಿಕ ಪರೀಕ್ಷಾ ಕೇಂದ್ರ 2017ರ ಮೇ ತಿಂಗಳಲ್ಲಿ ಉದ್ಘಾಟನೆಯಾಯಿತು. 2023ರ ಏಪ್ರಿಲ್ 2ರಂದು ಇಸ್ರೊದ ರೆಕ್ಕೆಯ ವಾಹನವೊಂದನ್ನು ಹೆಲಿಕಾಪ್ಟರಿನಿಂದ ನಾಲ್ಕೂವರೆ ಕಿಲೋಮೀಟರ್ ಎತ್ತರದಲ್ಲಿ ಬಿಟ್ಟಾಗ ಅದು ತಾನೇ ಹಾದಿ ಹುಡುಕಿಕೊಂಡು ಅಲ್ಲಿಯ ರನ್‌ವೇ ಮೇಲೆ ಇಳಿಯಿತು. ಈ ನಡುವೆ ಹೋರಾಟಗಳಾದವು, ಹಸಿರು ನ್ಯಾಯಮಂಡಳಿಯಲ್ಲಿ ಮೊಕದ್ದಮೆಯೂ ನಡೆಯಿತು. ಆ ಕಥೆಯನ್ನು ಬೇರೆಯವರು ಬರೆದಿದ್ದಾರೆ. ಅಜ್ಜನ ಕುರಿಗಳನ್ನು ಅದರೊಳಗೆ ತೂರಿಸುವುದು ನನಗಿಷ್ಟವಿಲ್ಲ. ಅವನು ಗೋಡೆ ಏಳುವ ಮೊದಲೇ ಮೊಣಕಾಲು ನೋವಿಗೆ ಸೋತು ಕುರಿ ಮಾರಿದ್ದ. ಖಾಲಿ ರೊಪ್ಪ ಮಾತ್ರ ಉಳಿಯಿತು. ಆ ರೊಪ್ಪದ ಮಣ್ಣು ಮುಂದೆ ಈ ಬರಹದಲ್ಲಿ ಬರುತ್ತದೆ.

ಈಗ ಶೆಲ್ಲಿನ ನೀರಿಗೆ ಬರೋಣ. 1866ರಲ್ಲಿ ಫ್ರಾನ್ಸಿನ ಜಾರ್ಜ್ ಲೆಕ್ಲಾಂಶೆ ಎಂಬಾತ ಗಾಜಿನ ಪಾತ್ರೆಯಲ್ಲಿ ನವಸಾಗರದ ನೀರು ತುಂಬಿ, ಅದರಲ್ಲಿ ಸತುವಿನ ಕಡ್ಡಿ ಅದ್ದಿ ಒಂದು ವಿದ್ಯುತ್ ಕೋಶ ಮಾಡಿದ. ನವಸಾಗರ ಎಂದರೆ ಅಮೋನಿಯಂ ಕ್ಲೋರೈಡ್. ತಾಮ್ರದ ಪಾತ್ರೆಗೆ ಕಲಾಯಿ ಹಾಕುವವರು ಬಿಸಿ ಪಾತ್ರೆಯ ಮೇಲೆ ಎಸೆದಾಗ ಭುಸ್ಸೆಂದು ಬಿಳೀ ಹೊಗೆ ಏಳುತ್ತಿತ್ತಲ್ಲ, ಅದೇ. ಇಪ್ಪತ್ತು ವರ್ಷದ ನಂತರ ಜರ್ಮನಿಯ ಕಾರ್ಲ್ ಗಾಸ್ನರ್ ಆ ನೀರನ್ನು ಸರಿಯ ಹಾಗೆ ಗಟ್ಟಿ ಮಾಡಿ, ಸತುವನ್ನೇ ಡಬ್ಬಿಯಾಗಿಸಿ, ಕೈಯಲ್ಲಿ ಹಿಡಿದು ಓಡಾಡಬಹುದಾದ ಒಣ ಕೋಶ ಮಾಡಿದ. ಅಜ್ಜನ ಶೆಲ್ಲು ಇದರ ಮೊಮ್ಮಗ. ಈಚಿನ ಶೆಲ್ಲುಗಳಲ್ಲಿ ನವಸಾಗರದ ಬದಲು ಸತುವಿನ ಕ್ಲೋರೈಡನ್ನೇ ಹೆಚ್ಚಾಗಿ ತುಂಬುತ್ತಾರೆ, ಹಾಗಾಗಿ ಸೋರುವುದು ಕಡಿಮೆ.

ಬ್ಯಾಟರಿ ಉರಿಯುವಾಗ ಸತುವಿನ ಡಬ್ಬಿಯೇ ಸವೆಯುತ್ತದೆ. ಸತುವಿನ ಪರಮಾಣು ಎರಡು ಎಲೆಕ್ಟ್ರಾನು ಬಿಟ್ಟುಕೊಟ್ಟು ಧನ ಅಯಾನಾಗಿ ಉಪ್ಪುನೀರಿಗೆ ಇಳಿಯುತ್ತದೆ. ಶಾಲೆಯ ಪುಸ್ತಕ ಇಷ್ಟಕ್ಕೇ ನಿಲ್ಲುತ್ತದೆ. ಆದರೆ ಆ ನೀರಿನಲ್ಲಿ ಕ್ಲೋರೈಡುಗಳು ಕಿಕ್ಕಿರಿದಿವೆ. ಇಳಿದ ಸತುವಿಗೆ ಒಂದು ಕ್ಲೋರೈಡು ಅಂಟುತ್ತದೆ, ಎರಡು, ಮೂರು, ಕೊನೆಗೆ ನಾಲ್ಕು. ಪ್ರತಿ ಕ್ಲೋರೈಡಿನದೂ ಒಂದೊಂದು ಋಣ. ಎರಡು ಧನ, ನಾಲ್ಕು ಋಣ: ಕೂಡಿದರೆ ಎರಡು ಋಣ ಉಳಿಯಿತು. ಧನವಾಗಿ ಮನೆ ಬಿಟ್ಟ ಸತು ಈಗ ಋಣ ಅಯಾನಿನ ಹೊಟ್ಟೆಯಲ್ಲಿದೆ. ಇದಕ್ಕೆ ಟೆಟ್ರಾಕ್ಲೋರೊಜಿಂಕೇಟ್ ಎಂದು ಹೆಸರು. ಅದರ ಆಕಾರ ಹೇಗೆಂದರೆ, ನಮ್ಮ ಮೂರು ಗುಂಡಿನ ಒಲೆಯನ್ನು ನೆನಪಿಸಿಕೊಳ್ಳಿ. ಕೆಳಗೆ ಮೂರು ಗುಂಡು, ಮೇಲೊಂದು ಗಡಿಗೆ. ಈ ನಾಲ್ಕೂ ಕ್ಲೋರಿನ್ ಎಂದುಕೊಂಡರೆ, ನಡುವೆ ಬೆಂಕಿ ಇರುವ ಜಾಗದಲ್ಲಿ ಸತು.

ಇದು ರಸಾಯನ ವಿಜ್ಞಾನಿಗಳಿಗೂ ಸುಲಭವಾಗಿ ಹೊಳೆದದ್ದಲ್ಲ. 1850ರ ದಶಕದಲ್ಲಿ ಜರ್ಮನಿಯ ಹಿಟ್ಟಾರ್ಫ್ ಎಂಬ ಮೇಷ್ಟ್ರು ಉಪ್ಪುನೀರಿನಲ್ಲಿ ವಿದ್ಯುತ್ ಹರಿಸಿ, ಯಾವ ಅಯಾನು ಯಾವ ಕಡೆ ಎಷ್ಟು ನಡೆಯುತ್ತದೆ ಎಂದು ಅಳೆಯುತ್ತಿದ್ದ. ಲೋಹ ಋಣ ಧ್ರುವದ ಕಡೆ ನಡೆಯಬೇಕು. ಆದರೆ ಸತುವಿನ ದಾಯಾದಿಯಾದ ಕ್ಯಾಡ್ಮಿಯಂನ ಗಾಢ ದ್ರಾವಣದಲ್ಲಿ ಲೆಕ್ಕ ತಲೆಕೆಳಗಾಯಿತು, ಲೋಹ ಒಟ್ಟಾರೆ ಎದುರು ದಿಕ್ಕಿಗೆ ಹೊರಟಿತ್ತು. ಲೋಹವೇ ಋಣ ಅಯಾನಿನೊಳಗೆ ಸೇರಿದ್ದರೆ ಮಾತ್ರ ಹೀಗಾಗಬಹುದು ಎಂದು ಆತ ಊಹಿಸಿದ. ಸತುವಿನ ಕ್ಲೋರೈಡಿನ ಗಾಢ ದ್ರಾವಣವೂ ಹೀಗೆಯೇ ನಡೆದುಕೊಳ್ಳುತ್ತದೆ. ಲೋಹದ ಸುತ್ತ ಹೀಗೆ ಬೇರೆಯವು ಕೂರುವುದಕ್ಕೊಂದು ಕ್ರಮವಿದೆ ಎಂದು ಆಲ್ಫ್ರೆಡ್ ವರ್ನರ್ ಬರೆದದ್ದು 1893ರಲ್ಲಿ.

ಆದರೆ ಈ ರಸಾಯನವನ್ನು ಕೈಯಲ್ಲಿ ಹಿಡಿದು, ಅದರಿಂದ ಹೊಟ್ಟೆ ಹೊರೆದವರು ಅದಕ್ಕೂ ಬಹಳ ಹಿಂದೆಯೇ ನಮ್ಮ ರಾಜ್ಯದ ಇನ್ನೊಂದು ತುದಿಯಲ್ಲಿದ್ದರು.

ಬಿದರಿ ಎಂದರೆ ಕಪ್ಪು ಪಾತ್ರೆ, ಅದರ ಮೇಲೆ ಬೆಳ್ಳಿ ಹೂವು, ಇಷ್ಟು ಎಲ್ಲರಿಗೂ ಗೊತ್ತು. ಆದರೆ ಬಿದರಿ ಮೂಲತಃ ಸತುವಿನ ಕಸುಬು. ಎರಕದಲ್ಲಿ ತೊಂಬತ್ತು ಪಾಲಿಗೂ ಹೆಚ್ಚು ಸತುವೇ. ಇವತ್ತು ಬೀದರಿನಲ್ಲಿ ಹೇಳುವ ಅಳತೆ 16 ಪಾಲು ಸತು, 1 ಪಾಲು ತಾಮ್ರ. ಸತುವಿನಂಥ ಪುಕ್ಕಲು ಲೋಹವನ್ನು ಕಲೆಗೆ ಆರಿಸಿಕೊಂಡದ್ದೇ ಒಂದು ಸೋಜಿಗ. ಅದು 420 ಡಿಗ್ರಿ ಸೆಲ್ಸಿಯಸ್‌ಗೆ ಕರಗುತ್ತದೆ, 907 ಡಿಗ್ರಿಗೆ ಆವಿಯಾಗಿ ಹಾರಿಯೇ ಹೋಗುತ್ತದೆ. ಅದಿರಿನಿಂದ ಸತು ಬಿಡಿಸಲು ಬೇಕಾದ ಶಾಖ ಅದಕ್ಕಿಂತಲೂ ಹೆಚ್ಚು. ಅಂದರೆ ಕುಲುಮೆಯಲ್ಲಿ ಸತು ಹುಟ್ಟುವುದೇ ಹೊಗೆಯಾಗಿ. ಆ ಹೊಗೆಯನ್ನು ಗಾಳಿಗೆ ಸೋಕಿಸದೆ ಕೆಳಕ್ಕಿಳಿಸಿ ತಂಪು ಮಾಡುವ ವಿದ್ಯೆ ರಾಜಸ್ಥಾನದ ಜಾವರಿನವರಿಗೆ ಮಧ್ಯಯುಗದಲ್ಲೇ ಸಿದ್ಧಿಸಿತ್ತು. ಬದನೆಕಾಯಿ ಆಕಾರದ ಅವರ ಮಣ್ಣಿನ ಮೂಸೆಗಳ ದಿಬ್ಬಗಳು ಈಗಲೂ ಅಲ್ಲಿವೆ. ಇಂಗ್ಲೆಂಡಿನ ವಿಲಿಯಂ ಚಾಂಪಿಯನ್ ಇಂಥದೇ ವಿಧಾನಕ್ಕೆ ಪೇಟೆಂಟು ಪಡೆದದ್ದು 1738ರಲ್ಲಿ. ಬೀದರಿಗೆ ಕಸುಬು ಯಾವಾಗ ಬಂತು ಎಂಬುದಕ್ಕೆ ಬಹಮನಿ ಸುಲ್ತಾನರ ಕಾಲದ ಕಥೆಗಳಿವೆ, ಇರಾನಿನಿಂದ ಬಂದ ಉಸ್ತಾದನ ಕಥೆಯೂ ಇದೆ. ಕಥೆಗಳು ಚೆನ್ನಾಗಿವೆ. ಇವತ್ತು ಸಂಗ್ರಹಾಲಯಗಳಲ್ಲಿ ಉಳಿದಿರುವ ಹಳೆಯ ಪಾತ್ರೆಗಳು ಮಾತ್ರ 16ನೇ ಶತಮಾನದ ಕೊನೆಯಿಂದ ಈಚಿನವು.

ನಾನು ಕೂತಿದ್ದ ಕಾರ್ಖಾನೆ ಎಂದರೆ ಮನೆಯ ಮುಂದಿನ ಪಡಸಾಲೆ. ಎರಕದ ಪಾತ್ರೆಯನ್ನು ಅರದಿಂದ ಉಜ್ಜಿ ನಯ ಮಾಡುತ್ತಾರೆ. ಆಮೇಲೆ ಮೈಲುತುತ್ತದ ನೀರು ಸವರುತ್ತಾರೆ, ಬೆಳ್ಳಗಿದ್ದ ಮೈ ತಕ್ಷಣ ಕಪ್ಪಾಗುತ್ತದೆ. ಇದು ತಾತ್ಕಾಲಿಕ ಕಪ್ಪು, ಚಿತ್ರ ಕೊರೆಯುವಾಗ ಗೆರೆ ಕಾಣಲೆಂದು. ಉಳಿಯಿಂದ ಕೊರೆದ ಗೆರೆಯೊಳಗೆ ಬೆಳ್ಳಿ ತಂತಿ ಬಡಿದು ಕೂರಿಸುತ್ತಾರೆ. ಮತ್ತೆ ಉಜ್ಜಿದಾಗ ಆ ಕಪ್ಪು ಹೋಗಿ ಪಾತ್ರೆ ಪೂರ್ತಿ ಬಿಳಿಚಿಕೊಳ್ಳುತ್ತದೆ, ಬೆಳ್ಳಿ ಯಾವುದು ಸತು ಯಾವುದು ಎಂದೇ ತಿಳಿಯುವುದಿಲ್ಲ. ಅಷ್ಟು ದಿನದ ಕೆಲಸ ಕಣ್ಣಿಗೆ ಕಾಣದಂತಾಗುವ ಗಳಿಗೆ ಅದು. ಆಗ ಪಾತ್ರೆಯನ್ನು ಹದವಾಗಿ ಬಿಸಿ ಮಾಡಿ, ನವಸಾಗರ ಮತ್ತು ಕೋಟೆಯ ಮಣ್ಣು ಕಲಸಿದ ಬಿಸಿ ರಾಡಿಯನ್ನು ಮೆತ್ತುತ್ತಾರೆ. ಸತು ಕಪ್ಪಾಗುತ್ತದೆ, ಬೆಳ್ಳಿಗೆ ಏನೂ ಆಗುವುದಿಲ್ಲ. ತೊಳೆದು, ಒರೆಸಿ, ಎಣ್ಣೆ ಸವರಿದರೆ ಮುಗಿಯಿತು.

ನನ್ನ ಮೂಗಿಗೆ ಬಡಿದದ್ದು ಆ ರಾಡಿಯ ವಾಸನೆ. ನೀರು ಬಿಟ್ಟ ಶೆಲ್ಲು!

ರಾಡಿಯೊಳಗೆ ನಡೆಯುವುದು ಇದು. ನವಸಾಗರದ ನೀರು ತುಸು ಹುಳಿ, ಅದರ ಕ್ಲೋರೈಡುಗಳು ಮೇಲ್ಮೈಯ ಸತುವನ್ನು ಹೆಕ್ಕುತ್ತವೆ. ರಾಡಿ ಗಟ್ಟಿಯಾಗಿ ಒಣಗುತ್ತ ಹೋದಂತೆ ಕ್ಲೋರೈಡಿನ ದಟ್ಟಣೆ ಹೆಚ್ಚಿ, ಕಿತ್ತ ಸತು ಆ ಮೂರು ಗುಂಡಿನ ಒಲೆಯೊಳಗೆ ಸೇರಿಕೊಳ್ಳುತ್ತದೆ. ತಾಮ್ರ ಹಾಗೆಲ್ಲ ಕರಗುವ ಲೋಹವಲ್ಲ. ಅಷ್ಟಿಷ್ಟು ಕರಗಿದರೂ ಪಕ್ಕದ ಸತು ಅದನ್ನು ಮತ್ತೆ ಲೋಹವಾಗಿಸಿ ಅಲ್ಲೇ ಕೂರಿಸುತ್ತದೆ. ಹೀಗೆ ಮೇಲ್ಮೈಯಲ್ಲಿ ಸತು ಕಡಿಮೆಯಾಗಿ ತಾಮ್ರ ಹೆಚ್ಚಾಗುತ್ತದೆ. ಮಣ್ಣಿನೊಳಗಿನ ಪೆಟ್ಲುಪ್ಪು, ಅಂದರೆ ನೈಟ್ರೇಟು, ಅದನ್ನು ಸುಡದೆಯೇ ಸುಟ್ಟಂತೆ ಆಕ್ಸೈಡು ಮಾಡುತ್ತದೆ. ಆ ತೆಳು ಪದರವೇ ಬಿದರಿಯ ಕಪ್ಪು. ಸೂಸನ್ ಲಾ ನೀಸ್ ಮತ್ತು ಗ್ರಹಾಂ ಮಾರ್ಟಿನ್ 1987ರಲ್ಲಿ ಪ್ರಕಟಿಸಿದ ಪರೀಕ್ಷೆಗಳ ವರದಿಯಲ್ಲಿ ಮುಖ್ಯವಾದದ್ದು ಇದೇ: ಎರಕದಲ್ಲಿ ತಾಮ್ರವಿಲ್ಲದಿದ್ದರೆ ಕಪ್ಪಿಲ್ಲ.

ಹಾಗಾದರೆ ಕೋಟೆಯ ಮಣ್ಣು? ಬೀದರಿನ ಬಗ್ಗೆ ಬರೆಯುವ ಪ್ರತಿಯೊಬ್ಬರೂ ಆ ಮಣ್ಣನ್ನು ಪವಾಡ ಮಾಡಿಬಿಟ್ಟಿದ್ದಾರೆ. ಬಿಸಿಲು ಮಳೆ ಕಾಣದ ಮಣ್ಣು, ಜಗತ್ತಿನಲ್ಲಿ ಬೇರೆಲ್ಲೂ ಸಿಗದ ಮಣ್ಣು. ಪ್ರವಾಸೋದ್ಯಮದ ಫಲಕಗಳಿಗೆ ಈ ಮಾತು ಒಪ್ಪುತ್ತದೆ, ಇತಿಹಾಸಕ್ಕೆ ಒಪ್ಪುವುದಿಲ್ಲ. ಬಿದರಿಯನ್ನು ಲಖನೌದಲ್ಲಿ ಮಾಡುತ್ತಿದ್ದರು, ಬಂಗಾಳದ ಮುರ್ಶಿದಾಬಾದಿನಲ್ಲಿ ಮಾಡುತ್ತಿದ್ದರು, ಬಿಹಾರದ ಪೂರ್ಣಿಯಾದಲ್ಲಿ ಮಾಡುತ್ತಿದ್ದರು. ಅಲ್ಲಿಗೆಲ್ಲ ಗಾಡಿ ಕಟ್ಟಿ ಬೀದರಿನ ಮಣ್ಣು ಸಾಗಿಸಿದರೇ? ಕಂಪನಿಯ ಸಸ್ಯವಿಜ್ಞಾನಿಯಾಗಿ ಲಾಲ್‌ಬಾಗನ್ನೂ ನೋಡಿಕೊಂಡಿದ್ದ ಬೆಂಜಮಿನ್ ಹೈನ್ ಬಿದರಿಯ ಬಗ್ಗೆ ಬರೆದಿದ್ದಾನೆ. ಅವನ ಹೆಸರಿನಲ್ಲಿ 19ನೇ ಶತಮಾನದ ಇಂಗ್ಲಿಷ್ ಕೋಶಗಳು ಕೊಡುವ ವಿವರದಲ್ಲಿ ಕಪ್ಪು ಬರಿಸಲು ನವಸಾಗರ, ಪೆಟ್ಲುಪ್ಪು, ಅಡುಗೆ ಉಪ್ಪು, ಮೈಲುತುತ್ತ ಇವೆ. ಕೋಟೆಯ ಹೆಸರೇ ಇಲ್ಲ.

ಮಣ್ಣಿನ ಗುಟ್ಟು ಉಪ್ಪಾರರಿಗೆ ಗೊತ್ತಿದ್ದ ಗುಟ್ಟೇ. ಜನ, ದನ ಬಾಳಿ ಹೋದ ಜಾಗದ ಮಣ್ಣಿನಲ್ಲಿ ಗಂಜಲ, ಗೊಬ್ಬರ ಕೊಳೆತು ಪೆಟ್ಲುಪ್ಪು ಹುಟ್ಟುತ್ತದೆ. ಅದು ನೀರಿಗೆ ಬೇಗ ಕರಗುವ ಉಪ್ಪು, ಒಂದು ಮಳೆಗೆ ಕೊಚ್ಚಿಹೋಗುತ್ತದೆ. ಮಳೆ ತಾಗದ ಹಳೆಯ ಕೋಣೆಯಲ್ಲಿ ಮಾತ್ರ ವರ್ಷಗಟ್ಟಲೆ ಸೇರುತ್ತ ಹೋಗುತ್ತದೆ. ಬಿಸಿಲು ಮಳೆ ಕಾಣದ ಮಣ್ಣು ಎಂಬ ಮಾತು ಸುಳ್ಳಲ್ಲ, ಅದು ಪವಾಡವಲ್ಲ ಅಷ್ಟೆ. ಬೀದರಿನವರು ಮಣ್ಣನ್ನು ನಾಲಿಗೆಗೆ ಹಚ್ಚಿ ರುಚಿ ನೋಡಿ ಆರಿಸುತ್ತಾರೆ. ಪವಾಡದ ಕಥೆಯಲ್ಲಿ ನನಗೆ ಆಗದಿರುವುದು ಇದೇ: ಅದು ನಾಲಿಗೆಯ ವಿದ್ಯೆಯನ್ನು ಕಿತ್ತುಕೊಂಡು ಮಣ್ಣಿಗೆ ಕೊಟ್ಟುಬಿಡುತ್ತದೆ.

ಇದನ್ನು ಚಾಚಾ ಹತ್ತಿರ ಹೇಳಿದಾಗ (ನಾನು ಕೂತಿದ್ದ ಪಡಸಾಲೆಯ ಹಿರಿಯರು, ಹೆಸರು ಬೇಡವೆಂದಿದ್ದಾರೆ) ಅವರಿಗೆ ಅಷ್ಟೇನೂ ಸಂತೋಷವಾಗಲಿಲ್ಲ. "ಮಣ್ಣಿಂದೇ ನಮ್ಮ ಹೆಸರು ಅದ ಬೇಟಿ. ಎಲ್ಲಾ ಕಡಿ ಸಿಗತದ ಅಂತ ನೀ ಬರದ್ರ ನಾಳಿ ಮಷೀನಿನ್ಯಾಗ ಮಾಡಿ ಬಿದರಿ ಅಂತ ಮಾರತಾರ," ಅಂದರು. ನನಗೆ ಉತ್ತರ ಹೊಳೆಯಲಿಲ್ಲ. ಬಿದರಿಗೆ 2006ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದೆ. 2023ರಲ್ಲಿ ಶಾ ರಶೀದ್ ಅಹಮದ್ ಖಾದ್ರಿಯವರಿಗೆ ಪದ್ಮಶ್ರೀ ಬಂತು. ಆದರೂ ಪಡಸಾಲೆಯಲ್ಲಿ ಕೂತವರ ದಿನಗೂಲಿಯ ಲೆಕ್ಕ ಬೇರೆಯೇ ಇದೆ. ಮಣ್ಣಿನ ಕಥೆ ಅವರಿಗೆ ಬೇಲಿ. ಬೇಲಿ ಯಾಕೆ ಬೇಕು ಎಂದು ಕಾವಲಿನ ಪಕ್ಕದ ಊರಿನವಳು ಕೇಳಬಾರದು ಅನ್ನಿಸಿ ಸುಮ್ಮನಾದೆ. ಹೊರಡುವಾಗ ಅವರೇ ಎರಕದಲ್ಲಿ ಸೀಳು ಬಿಟ್ಟ ಎರಡು ತುಂಡು ಕೈಗಿಟ್ಟರು.

ಊರಿಗೆ ಬಂದವಳು ಅಜ್ಜನ ರೊಪ್ಪದ ಮೂಲೆಯಲ್ಲಿ, ಚಪ್ಪರದ ಕಲ್ಲು ಇನ್ನೂ ಮುಚ್ಚಿಕೊಂಡಿದ್ದ ಕಡೆ, ಒಂದು ಬೊಗಸೆ ಮಣ್ಣು ತೆಗೆದೆ. ನಾಲಿಗೆಗೂ ಹಚ್ಚಿದೆ. ಉಪ್ಪು, ಆಮೇಲೆ ತಣ್ಣಗೆ ಚುರುಗುಟ್ಟುವ ಒಂದು ರುಚಿ. ಊರಿನ ಹೈಸ್ಕೂಲಿನ ವಿಜ್ಞಾನದ ಮೇಷ್ಟ್ರು ಖುದಾಪುರದ ಕ್ಯಾಂಪಸ್ಸಿನಲ್ಲಿ ಶಿಕ್ಷಕರ ತರಬೇತಿ ಮುಗಿಸಿ ಬಂದವರು, ನನಗಿಂತ ಅವರಿಗೇ ಉತ್ಸಾಹ ಹೆಚ್ಚು. ಭಾನುವಾರ ಶಾಲೆಯ ಪ್ರಯೋಗಾಲಯ ತೆರೆದರು. ಬೀದರಿನ ಒಂದು ತುಂಡಿಗೆ ಬರೀ ನವಸಾಗರ, ಇನ್ನೊಂದಕ್ಕೆ ನವಸಾಗರ ಮತ್ತು ರೊಪ್ಪದ ಮಣ್ಣು. ಮೂರನೆಯದು ನನ್ನ ಹಟ: ಅಜ್ಜನ ಹಳೆಯ ಶೆಲ್ಲು ಸೀಳಿ ತೊಳೆದು ತೆಗೆದ ಸತುವಿನ ತಗಡು, ಅದಕ್ಕೂ ಅದೇ ರಾಡಿ.

ಬರೀ ನವಸಾಗರದ ತುಂಡು ಮಚ್ಚೆಮಚ್ಚೆಯಾಗಿ ಕಂದಿತು. ಶೆಲ್ಲಿನ ತಗಡು ಬೂದಿ ಬಣ್ಣಕ್ಕೆ ತಿರುಗಿ ಅಲ್ಲೇ ನಿಂತಿತು, ಎಷ್ಟು ಬಿಸಿ ಮಾಡಿದರೂ ಮುಂದೆ ಹೋಗಲಿಲ್ಲ, ಅದರಲ್ಲಿ ತಾಮ್ರವಿಲ್ಲ. ರೊಪ್ಪದ ಮಣ್ಣಿನ ತುಂಡು ಕಪ್ಪಾಯಿತು. ಬೀದರಿನಷ್ಟು ಮಿರುಗಲಿಲ್ಲ ನಿಜ, ಆದರೆ ಕಪ್ಪೇ. ಮೇಷ್ಟ್ರು ಅದನ್ನು ಕಿಟಕಿಗೆ ಹಿಡಿದು, "ಕುರಿ ಹಾಕಿದ ಪಾಲಿಷು ಕಣಮ್ಮ ಇದು" ಅಂತ ನಕ್ಕರು. ಮೂರು ತುಂಡು, ಒಂದು ಭಾನುವಾರ. ಇದನ್ನು ಸಂಶೋಧನೆ ಎಂದು ನನ್ನ ಮಾರ್ಗದರ್ಶಕರು ಒಪ್ಪುವುದಿಲ್ಲ, ಒಪ್ಪಲೂಬಾರದು.

ಅವತ್ತು ಮೇಷ್ಟ್ರು ಕೇಳಿದ ಪ್ರಶ್ನೆ ಬೇರೆ. ಕಣ್ಣಿಗೆ ಕಾಣದ ಆ ನಾಲ್ಕು ಕ್ಲೋರೈಡಿನ ಗುಂಪು ನೀರಿನಲ್ಲಿ ನಿಜಕ್ಕೂ ಇದೆ ಎಂದು ಹೇಗೆ ಗೊತ್ತಾಯಿತು? ಉತ್ತರ ತಿರುಗಿ ನಮ್ಮ ಕಡೆಗೇ ಬರುತ್ತದೆ. 1928ರ ಫೆಬ್ರವರಿ 28ರಂದು ಕಲ್ಕತ್ತೆಯಲ್ಲಿ ಸಿ.ವಿ. ರಾಮನ್ ಕಂಡುಕೊಂಡ ಪರಿಣಾಮ, ಅಣುವಿನ ಕಂಪನವನ್ನು ಚದುರಿದ ಬೆಳಕಿನಲ್ಲಿ ಓದುವ ವಿದ್ಯೆ. 1933ರಲ್ಲಿ ಅವರು ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರಾಗಿ ಬೆಂಗಳೂರಿಗೆ ಬಂದರು. ಸತುವಿನ ಕ್ಲೋರೈಡಿನ ದ್ರಾವಣಕ್ಕೆ ಉಪ್ಪು ಹೆಚ್ಚಿಸುತ್ತ ಹೋದರೆ, ರಾಮನ್ ರೋಹಿತದಲ್ಲಿ ಸೆಂಟಿಮೀಟರಿಗೆ 280 ಅಲೆಗಳ ಆಸುಪಾಸಿನಲ್ಲಿ ಒಂದು ಗೆರೆ ಏಳುತ್ತದೆ. ನಾಲ್ಕೂ ಕ್ಲೋರಿನ್ ಒಟ್ಟಿಗೆ ಉಸಿರು ಎಳೆದು ಬಿಟ್ಟಂತೆ ಹಿಗ್ಗಿ ಕುಗ್ಗುವ ಕಂಪನ ಅದು. ಹೋದ ಶತಮಾನದ ನಡುಭಾಗದಿಂದ ಈ ಗೆರೆಗಳ ಬಗ್ಗೆ ಬಹಳ ಚರ್ಚೆ ನಡೆದಿದೆ. ಇನ್ನೂ ಸೋಜಿಗದ್ದು 2015ರಲ್ಲಿ ಅಮೆರಿಕದ ತಂಡವೊಂದು ಬಿಡಿಸಿದ ಹರಳಿನ ರಚನೆ. ಸತುವಿನ ಕ್ಲೋರೈಡಿಗೆ ಮೂರು ಪಾಲು ನೀರು ಸೇರಿದರೆ ಸಿಗುವ ಹರಳಿನಲ್ಲಿ ಎಲ್ಲ ಸತುವೂ ಒಂದೇ ಅಲ್ಲ. ಅರ್ಧ ಸತು ಇದ್ದ ನೀರನ್ನೆಲ್ಲ ತಾನೇ ಸುತ್ತಿಕೊಂಡು ಧನವಾಗಿ ಕೂತಿದೆ, ಇನ್ನರ್ಧ ಇದ್ದ ಕ್ಲೋರಿನ್ನನ್ನೆಲ್ಲ ಸುತ್ತಿಕೊಂಡು ಋಣವಾಗಿ ಕೂತಿದೆ. ಒಂದೇ ಮನೆಯಲ್ಲಿ ಪಾಲಾದ ಅಣ್ಣತಮ್ಮಂದಿರು.

ಮುಂದಿನ ಸಲ ಬೀದರಿಗೆ ಹೋದಾಗ ಕಪ್ಪಾದ ತುಂಡನ್ನು ಚಾಚಾ ಮುಂದಿಟ್ಟೆ. ಗೆದ್ದವಳ ಹಾಗೆ ಇಟ್ಟೆನೋ ಏನೋ. ಅವರು ಹೆಬ್ಬೆರಳಿನಿಂದ ಉಜ್ಜಿದರು, ಮೂಸಿದರು, ಬೆಳಕಿಗೆ ಓರೆಯಾಗಿ ಹಿಡಿದರು.

"ಕಪ್ಪು ಬಂದದ," ಅಂದರು. "ನಿಂದ್ರತದ ಇಲ್ಲೋ, ಒಂದು ಮಳಿಗಾಲ ನೋಡು."

ಆ ವರ್ಷ ಮಳೆ ಜೋರಾಗಿತ್ತು. ಹಾಸ್ಟೆಲಿನ ಕಪಾಟಿನಲ್ಲಿ ಬಟ್ಟೆ ಸುತ್ತಿಟ್ಟಿದ್ದೆ. ಗಣೇಶನ ಹಬ್ಬದ ಹೊತ್ತಿಗೆ ಬಿಚ್ಚಿ ನೋಡಿದರೆ ಕಪ್ಪಿನ ಮೇಲೆ ಸಾಸಿವೆ ಕಾಳಿನಷ್ಟು ಬಿಳೀ ಗುಳ್ಳೆಗಳು. ಉಗುರಿನಿಂದ ಕೆರೆದಾಗ ಪುಡಿಪುಡಿಯಾಗಿ ಉದುರಿತು. ಫೋನಿನಲ್ಲಿ ಚಿತ್ರ ಕಳಿಸಿದೆ. ಚಾಚಾ ತಾವೇ ಕರೆ ಮಾಡಿದರು. "ತೊಳಿಯೋದು ಕಲಿಲಿಲ್ಲ ನೀ. ಹಚ್ಚೂದು ಯಾರಿಗಾದ್ರೂ ಬರತದ ಬೇಟಿ, ಉಪ್ಪು ಪೂರಾ ಹೊರಗ ತಗೀಬೇಕು. ಒಳಗ ಉಳದ್ರ ಅದು ತಿಂತಾನೇ ಇರತದ."

ಅವರು ಹೇಳಿದ್ದು ಸರಿ. ಸಣ್ಣ ಸಣ್ಣ ರಂಧ್ರಗಳಲ್ಲಿ ಉಳಿದ ಕ್ಲೋರೈಡು ಮಳೆಗಾಲದ ತೇವ ಹೀರಿ ಮತ್ತೆ ಸತುವನ್ನು ಹಿಡಿದಿತ್ತು, ಒಣಗಿದಾಗ ಬಿಳೀ ಪುಡಿಯಾಗಿ ಮೇಲೆ ಬಂದಿತ್ತು. ಅದೇ ಕಪಾಟಿನಲ್ಲಿ, ಡಬ್ಬಿಯೊಂದರಲ್ಲಿ, ಅಜ್ಜನ ಇನ್ನೊಂದು ಶೆಲ್ಲು ಇದೆ. ಅದರ ತಳದ ತೂತಿನ ಸುತ್ತಲೂ ಅದೇ ಬಿಳೀ ಪುಡಿ.